ಕ್ವಿಬೆಕ್‌ನಲ್ಲಿ ಯಾವ ಪಕ್ಷ ರಾಷ್ಟ್ರವಾದಿ, ಯಾವುದು ಅಲ್ಲ? ತಲೆ ಬುಡ ಗೊತ್ತಾಗ್ತಿಲ್ಲ

ಹೊಸಬ_ಮಾಂಟ್ರಿಯಲ್
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮಾಂಟ್ರಿಯಲ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ರಾಜಕೀಯ ಶುರುವಾದರೆ ನಾನು ಸುಮ್ನೆ ತಲೆ ಅಲ್ಲಾಡಿಸಿಕೊಂಡು ಕೂರುತ್ತೇನೆ.

2026ರ ಅಕ್ಟೋಬರ್‌ನಲ್ಲಿ ಕೆನಡಾದ ಫ್ರೆಂಚ್ ಮಾತಾಡುವ ಈ ಕ್ವಿಬೆಕ್ ಪ್ರಾಂತ್ಯದ ಚುನಾವಣೆ. ಪಾರ್ಟಿ ಕ್ವಿಬೆಕ್ವಾ (ಎಲ್ಲರೂ ಪಿಕ್ಯೂ ಅನ್ನುತ್ತಾರೆ) ಗೆದ್ದರೆ ಕೆನಡಾದಿಂದ ಬೇರೆಯಾಗುವ ಬಗ್ಗೆ ಮೂರನೇ ಸಲ ಜನಮತಗಣನೆಯಂತೆ. ಇದೇ ಪಕ್ಷಕ್ಕೆ 2022ರಲ್ಲಿ ಸಿಕ್ಕಿದ್ದು 125ರಲ್ಲಿ 3 ಸೀಟು! 2025ರ ಸಮೀಕ್ಷೆಗಳಲ್ಲಿ ಮುಂದಿತ್ತು. ಮೂರು ವರ್ಷದಲ್ಲಿ ಜನರೆಲ್ಲ ಪ್ರತ್ಯೇಕತಾವಾದಿಗಳಾಗಿಬಿಟ್ರಾ? ಇನ್ನೊಂದು ಕಡೆ, ಫ್ರಾನ್ಸ್ವಾ ಲೆಗೋ ಕಟ್ಟಿ ಅಧಿಕಾರಕ್ಕೆ ತಂದ ಸಿಎಕ್ಯೂ ಪಕ್ಷ ಕೂಡ ತಾನೇ ರಾಷ್ಟ್ರವಾದಿ ಅನ್ನುತ್ತದೆ, ಆದರೆ ಕೆನಡಾ ಬಿಡಲ್ಲ ಅನ್ನುತ್ತದೆ. ಇದೇನು ಲೆಕ್ಕ? ಗೊತ್ತಿರುವವರು ಬಿಡಿಸಿ ಹೇಳಿ.

ಟೊರಾಂಟೊ_ತಿಮ್ಮ
ಟೊರಾಂಟೊಗೆ ಬಂದುಬಿಡಿ ಗುರು, ಲೆಕ್ಕ ಬಿಡಿಸೋ ಕೆಲಸವೇ ಇರಲ್ಲ.

ಲಾವಾಲ್_ಲಲಿತಾ
ತಿಮ್ಮಣ್ಣ, ಅಲ್ಲಿನ ಬಾಡಿಗೆ ನೀವು ಕಟ್ತೀರಾ ಹಾಗಾದ್ರೆ?

ಹಳೇ_ಹಿಮ
ಹೊಸಬರೇ, ಮೊದಲು ಆ 3 ಸೀಟಿನ ಲೆಕ್ಕ ಪಕ್ಕಕ್ಕಿಡಿ. ಅದನ್ನು ನಂಬಿದರೆ ದಾರಿ ತಪ್ಪುತ್ತೀರಿ. 2022ರಲ್ಲಿ ಪಿಕ್ಯೂಗೆ ಬಿದ್ದ ಮತ ನೂರಕ್ಕೆ 14.6. ಲಿಬರಲ್ ಪಕ್ಷಕ್ಕೆ 14.4. ಪಿಕ್ಯೂಗೇ ಒಂದು ಚೂರು ಜಾಸ್ತಿ. ಆದರೂ ಲಿಬರಲ್‌ಗೆ 21 ಸೀಟು, ಇವರಿಗೆ 3. ಲಿಬರಲ್ ಮತ ಮಾಂಟ್ರಿಯಲ್ ಸುತ್ತಮುತ್ತ ಗುಡ್ಡೆ ಬಿದ್ದಿದೆ, ಪಿಕ್ಯೂ ಮತ ಊರೂರಲ್ಲಿ ಚದುರಿಹೋಗಿದೆ. ಸಿಎಕ್ಯೂ ನೂರಕ್ಕೆ 41 ಮತ ತಗೊಂಡು 90 ಸೀಟು ಬಾಚಿಕೊಂಡಿತು. ನಮ್ಮ ಕಡೆಯ ಹಾಗೆಯೇ, ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತವೋ ಅವರೇ ಗೆದ್ದಂತೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಇಲ್ಲಿ ಎರಡು ವಿಷಯ ಬೇರೆ ಬೇರೆ. ಕ್ವಿಬೆಕ್ ಒಂದು ರಾಷ್ಟ್ರವಾ ಅಂತ ಕೇಳಿದರೆ ಇಲ್ಲಿನ ದೊಡ್ಡ ಪಕ್ಷಗಳೆಲ್ಲ ಹೌದು ಅನ್ನುತ್ತವೆ. ಪ್ರಾಂತ್ಯದ ವಿಧಾನಸಭೆಗೇ 1968ರಿಂದ ಹೆಸರು ನ್ಯಾಷನಲ್ ಅಸೆಂಬ್ಲಿ. ರಾಜಧಾನಿ ಒಟ್ಟಾವಾದಲ್ಲಿರುವ ಕೆನಡಾ ಸಂಸತ್ತು ಕೂಡ 2006ರಲ್ಲಿ, ಕನ್ಸರ್ವೇಟಿವ್ ಪ್ರಧಾನಿ ಸ್ಟೀಫನ್ ಹಾರ್ಪರ್ ತಂದ ನಿರ್ಣಯದಲ್ಲಿ, ಕ್ವಿಬೆಕ್ ಜನ ಒಗ್ಗಟ್ಟಿನ ಕೆನಡಾದ ಒಳಗೆ ಒಂದು ರಾಷ್ಟ್ರ ಅಂತ ಒಪ್ಪಿಕೊಂಡಿತು. ಜಗಳ ಇರುವುದು ಮುಂದಿನ ಹೆಜ್ಜೆಯಲ್ಲಿ: ಆ ರಾಷ್ಟ್ರಕ್ಕೆ ತನ್ನದೇ ದೇಶ ಬೇಕಾ, ಬೇಡವಾ?

ಅದಕ್ಕೇ ರಾಷ್ಟ್ರವಾದಿ ಯಾರು ಅಂತ ಕೇಳಿದರೆ ಉತ್ತರ ಸಿಗಲ್ಲ. ಎಷ್ಟು ದೂರ ಹೋಗಲು ತಯಾರಿದ್ದಾರೆ ಅಂತ ಕೇಳಿ. ಹಿಂದೆ ಇಲ್ಲಿ ಪ್ರೀಮಿಯರ್, ಅಂದರೆ ಪ್ರಾಂತ್ಯದ ಮುಖ್ಯಮಂತ್ರಿ, ಆಗಿದ್ದ ಡುಪ್ಲೆಸಿ ಅವರ ಯೂನಿಯನ್ ನ್ಯಾಷನಾಲ್ ಪಕ್ಷ ಪಕ್ಕಾ ರಾಷ್ಟ್ರವಾದಿ. ಚರ್ಚಿನ ಜೊತೆ ಕೈ ಕೈ ಹಿಡಿದುಕೊಂಡೇ ಆಳಿತು. ಈಗಿನ ನೀಲಿ ಬಾವುಟ 1948ರಲ್ಲಿ ಹಾರಿಸಿದ್ದು ಅವರೇ. ಆದರೆ ಕೆನಡಾ ಬಿಡುವ ಮಾತೇ ಇರಲಿಲ್ಲ. 1960ರಲ್ಲಿ ಝಾನ್ ಲೆಸಾಜ್ ಅವರ ಲಿಬರಲ್ ಪಕ್ಷ ಬಂತು. 1962ರಲ್ಲಿ ‘ನಮ್ಮ ಮನೆಗೆ ನಾವೇ ಯಜಮಾನರು’ ಅಂತ ಚುನಾವಣೆಗೆ ಹೋಗಿ ಖಾಸಗಿ ವಿದ್ಯುತ್ ಕಂಪನಿಗಳನ್ನು ಸರ್ಕಾರಿ ಕಂಪನಿ ಹೈಡ್ರೋ-ಕ್ವಿಬೆಕ್‌ಗೆ ಸೇರಿಸಿತು. ಅದರ ಹಿಂದೆ ಬಿದ್ದ ಮಂತ್ರಿ ಯಾರು ಗೊತ್ತಾ? ರೆನೆ ಲೆವೆಕ್. ಅದೇ ಲೆವೆಕ್ ಮುಂದೆ ಲಿಬರಲ್ ಬಿಟ್ಟು 1968ರಲ್ಲಿ ಪಿಕ್ಯೂ ಕಟ್ಟಿದರು. ಆ ಪಿಕ್ಯೂನಲ್ಲಿ ಮುಂದೆ ಶಿಕ್ಷಣ, ಆರೋಗ್ಯ ಮಂತ್ರಿಯಾಗಿದ್ದವರೇ ಲೆಗೋ. ಅವರು ಅದನ್ನೂ ಬಿಟ್ಟು 2011ರಲ್ಲಿ ಸಿಎಕ್ಯೂ ಕಟ್ಟಿದರು. ಇಲ್ಲಿ ಪಕ್ಷ ಸವೆದುಹೋಗುತ್ತದೆ, ರಾಷ್ಟ್ರವಾದ ಮುಂದಿನ ಪಕ್ಷಕ್ಕೆ ದಾಟುತ್ತದೆ.

ಸಂಖ್ಯಾಶಾಸ್ತ್ರಿ
ಸೀಟಿನ ಮೋಸ ಪಿಕ್ಯೂಗೆ ಹೊಸದಲ್ಲ. 1973ರಲ್ಲಿ ನೂರಕ್ಕೆ 30 ಮತ ಬಿದ್ದೂ 110ರಲ್ಲಿ 6 ಸೀಟು ಮಾತ್ರ. ಮೂರೇ ವರ್ಷಕ್ಕೆ, 1976ರ ನವೆಂಬರ್ 15ಕ್ಕೆ, 71 ಸೀಟು ಗೆದ್ದು ಸರ್ಕಾರ ಮಾಡಿದರು. ಹಾಗಾಗಿ ಮೂರು ವರ್ಷದಲ್ಲಿ ಹೀಗಾಯ್ತಾ ಅಂತ ಆಶ್ಚರ್ಯ ಪಡುವುದೇನೂ ಇಲ್ಲ. ಹಾಗಂತ ಅವರು ಬರೀ ಬಲಿಪಶುಗಳೂ ಅಲ್ಲ. 1998ರಲ್ಲಿ ಲಿಬರಲ್‌ಗಳಿಗೆ ಮತ ಜಾಸ್ತಿ ಬಿತ್ತು, ಸರ್ಕಾರ ಮಾಡಿದ್ದು ಪಿಕ್ಯೂ.

ಹೊಸಬ_ಮಾಂಟ್ರಿಯಲ್
ಹಳೇ ಹಿಮ ಸರ್, ತುಂಬಾ ಥ್ಯಾಂಕ್ಸ್. ಮತ್ತೆ ಪಿಕ್ಯೂ ಯಾಕೆ ಏರಿತು? ಒಟ್ಟಾವಾದಲ್ಲೂ ಅವರಿಗೆ ಸೀಟು ಇದೆ ಅಲ್ವಾ?

ಒಟ್ಟಾವಾ_ಓದುಗ
ಅದು ಬೇರೆ ಪಕ್ಷ. ಬ್ಲಾಕ್ ಕ್ವಿಬೆಕ್ವಾ. ಕೇಂದ್ರದ ಚುನಾವಣೆಗೆ ಮಾತ್ರ ನಿಲ್ಲುತ್ತದೆ, ಅದೂ ಕ್ವಿಬೆಕ್‌ನಲ್ಲಿ ಮಾತ್ರ. ಒಲವು ಒಂದೇ, ಪಕ್ಷ ಬೇರೆ. ತಮಾಷೆ ನೋಡಿ, 1993ರಲ್ಲಿ 54 ಸೀಟು ಗೆದ್ದು ಕೆನಡಾ ಸಂಸತ್ತಿನ ಅಧಿಕೃತ ವಿರೋಧ ಪಕ್ಷವಾಗಿತ್ತು. ದೇಶ ಒಡೆಯಬೇಕು ಅನ್ನುವವರಿಗೆ ದೇಶದ ವಿರೋಧ ಪಕ್ಷದ ನಾಯಕನ ಕುರ್ಚಿ! 2011ರಲ್ಲಿ 4 ಸೀಟಿಗೆ ಬಿದ್ದು ಮುಗಿದೇ ಹೋಯ್ತು ಅಂದರು. 2019ರಲ್ಲಿ 32ಕ್ಕೆ ಎದ್ದು ಬಂತು.

ಲಾವಾಲ್_ಲಲಿತಾ
ಪಿಕ್ಯೂ ಏರೋದಕ್ಕೆ ಕಾರಣ ಪಿಕ್ಯೂ ಅಲ್ಲ, ಸಿಎಕ್ಯೂ ಮೇಲಿನ ಸಿಟ್ಟು. ಕ್ವಿಬೆಕ್ ಸಿಟಿಯಿಂದ ಲೆವಿಗೆ ನದಿ ಕೆಳಗೆ ಕಾರು ಓಡುವ ಸುರಂಗ ಮಾಡ್ತೀವಿ ಅಂತ ವೋಟು ತಗೊಂಡರು. ಗೆದ್ದ ಮೇಲೆ 2023ರ ಏಪ್ರಿಲ್‌ನಲ್ಲಿ ಕಾರಿಗೆ ಸುರಂಗ ಇಲ್ಲ ಅಂದರು. ಅಕ್ಟೋಬರ್‌ನಲ್ಲಿ ಆ ಊರಿನ ಝಾನ್-ತಲೋನ್ ಉಪಚುನಾವಣೆ ಬಂತು, ಸೀಟು ಪಿಕ್ಯೂ ಪಾಲಾಯಿತು. ಅದೇ ವರ್ಷ ಶಾಸಕರು ತಮ್ಮ ಸಂಬಳವನ್ನು ನೂರಕ್ಕೆ 30ರಷ್ಟು ಏರಿಸಿಕೊಂಡರು. ಡ್ರೈವಿಂಗ್ ಲೈಸೆನ್ಸ್ ಇಲಾಖೆಯ ಹೊಸ ಆನ್‌ಲೈನ್ ವ್ಯವಸ್ಥೆ ಕೈಕೊಟ್ಟು ಜನ ಚಳಿಯಲ್ಲಿ ಕ್ಯೂ ನಿಂತರು, ಖರ್ಚು ನೂರಾರು ಮಿಲಿಯನ್ ಡಾಲರ್ ಮೀರಿಹೋಯಿತು. ಬ್ಯಾಟರಿ ಫ್ಯಾಕ್ಟರಿ ಅಂತ ನಾರ್ತ್‌ವೋಲ್ಟ್‌ಗೆ ದುಡ್ಡು ಸುರಿದರು, ಅದು ದಿವಾಳಿ. 2025ರಲ್ಲಿ ತೆರ್‌ಬೋನ್, ಆರ್ತಾಬಾಸ್ಕಾ ಉಪಚುನಾವಣೆ, ಎರಡೂ ಮುಂಚೆ ಸಿಎಕ್ಯೂ ಗೆದ್ದಿದ್ದ ಸೀಟು. ಎರಡೂ ಪಿಕ್ಯೂಗೆ.

ಇದರಲ್ಲಿ ಸ್ವಾತಂತ್ರ್ಯದ ಮಾತು ಎಲ್ಲಿದೆ ಹೇಳಿ?

ಪ್ಲಾಟೋ_ಪ್ರಜ್ವಲ್
ಅಕ್ಕಾ, ಅರ್ಧ ಸರಿ. ಬರೀ ಸಿಟ್ಟಾಗಿದ್ದರೆ ಮತ ಲಿಬರಲ್‌ಗೋ ಕನ್ಸರ್ವೇಟಿವ್‌ಗೋ ಹೋಗಬಹುದಿತ್ತು. ಪಿಕ್ಯೂಗೇ ಯಾಕೆ ಹೋಯ್ತು? ಪಿಕ್ಯೂ ನಾಯಕ ಪ್ಲಾಮಂಡನ್ ಮಾತು ಮರೆಸುವ ಆಸಾಮಿ ಅಲ್ಲ. 2022ರಲ್ಲಿ ಗೆದ್ದ ಮೇಲೆ ಬ್ರಿಟನ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲ್ಲ ಅಂದರು. ಅವರೂ ಉಳಿದ ಇಬ್ಬರು ಶಾಸಕರೂ ಸದನದ ಬಾಗಿಲಲ್ಲೇ ನಿಲ್ಲಬೇಕಾಯಿತು, ಒಳಗೆ ಬಿಡಲಿಲ್ಲ. ಆಮೇಲೆ ಡಿಸೆಂಬರ್‌ನಲ್ಲಿ ಲೆಗೋ ಸರ್ಕಾರವೇ ಕಾನೂನು ತಂದು ಆ ಪ್ರಮಾಣ ಕಡ್ಡಾಯ ಅಲ್ಲ ಅಂತ ಮಾಡಿತು. ಮೂರು ಸೀಟಿನ ಪಕ್ಷ 90 ಸೀಟಿನ ಸರ್ಕಾರದ ಕೈಲಿ ಕಾನೂನು ಬದಲಾಯಿಸಿತು. ಜನ ಇದನ್ನೆಲ್ಲ ನೋಡ್ತಾರೆ.

ಲಾವಾಲ್_ಲಲಿತಾ
ನೋಡ್ತಾರೆ, ಸರಿ. ಆದರೆ ಸಮೀಕ್ಷೆಯಲ್ಲಿ ಸ್ವಾತಂತ್ರ್ಯ ಬೇಕು ಅನ್ನೋರು ಈಗಲೂ ಮೂರರಲ್ಲೊಂದು ಭಾಗ, ಒಂಚೂರು ಆಚೀಚೆ. ಪಿಕ್ಯೂ ಗೆಲ್ಲಬಹುದು, ಜನಮತಗಣನೆ ಗೆಲ್ಲಲ್ಲ.

ಹುಬ್ಬಳ್ಳಿ_ಹೈದ
ನೋಡ್ರಿ, ನನಗೊಂದು ಅರ್ಥ ಆಗಲ್ಲ. ಬೇರೆ ಆಗಬೇಕು ಅನ್ನೋರು 1980ರ ಮೊದಲ ಜನಮತಗಣನೆಯಲ್ಲಿ ನೇರವಾಗಿ ಬೇರೆ ಆಗ್ತೀವಿ ಅಂತ ಯಾಕೆ ಕೇಳಲಿಲ್ಲ? ಮೊನ್ನೆ ಆ ಪ್ರಶ್ನೆ ಓದಿದೆ, ಉಸಿರು ಕಟ್ಟುವಷ್ಟು ಉದ್ದ.

ಶಿರಸಿ_ಸುಬ್ಬಣ್ಣ
ಅಣ್ಣ ತಮ್ಮ ಪಾಲಾದರೂ ಒಲೆ ಮಾತ್ರ ಬೇರೆ, ಬಾವಿ ಒಂದೇ ಇರಲಿ ಅನ್ನುವಂತಹ ಲೆಕ್ಕ ಅದು. ಕಾನೂನು, ತೆರಿಗೆ, ವಿದೇಶ ಸಂಬಂಧ ಎಲ್ಲ ನಮ್ಮದು. ಆದರೆ ಕರೆನ್ಸಿ ಕೆನಡಾ ಡಾಲರೇ ಇರಲಿ, ವ್ಯಾಪಾರದ ಸಂಬಂಧ ಉಳಿಯಲಿ. ಅದೂ ಒಮ್ಮೆಗೇ ಅಲ್ಲ. ಮೊದಲು ಮಾತುಕತೆಗೆ ಅಪ್ಪಣೆ ಕೊಡಿ, ಮುಗಿದ ಮೇಲೆ ಇನ್ನೊಂದು ಜನಮತಗಣನೆ ಮಾಡ್ತೇವೆ ಅಂದಿದ್ದರು ಲೆವೆಕ್. ಹೆದರಿದವರನ್ನು ಓಲೈಸುವ ಉಪಾಯ. ನೂರಕ್ಕೆ ಸುಮಾರು 60 ಜನ ಬೇಡ ಅಂದರು ಮಾರಾಯ್ರೆ.

ಟೊರಾಂಟೊ_ತಿಮ್ಮ
ಬಾವಿ ಯಾರ ಹೆಸರಲ್ಲಿದೆ ಅಂತ ಕೇಳಿದರಾ? ನಮ್ಮ ಕಡೆಯವರು ಕೊಡಲ್ಲ ಅಂದರೆ ಏನು ಮಾಡ್ತಿದ್ದರು?

ಹಳೇ_ಹಿಮ
ಅದೇ ಪ್ರಶ್ನೆ 1995ರ ಎರಡನೇ ಜನಮತಗಣನೆಯಲ್ಲೂ ಬಂತು ತಿಮ್ಮಣ್ಣ. ಆಗ ನಾನು ಇಲ್ಲೇ ಇದ್ದೆ, ವಿದ್ಯಾರ್ಥಿ, ಓಟು ಇರಲಿಲ್ಲ. ಅಕ್ಟೋಬರ್ 30ರ ರಾತ್ರಿ ಕಟ್ಟಡದ ಎಲ್ಲ ಮನೆಯಲ್ಲೂ ಟಿವಿ ಹಾಕಿತ್ತು. ಮೊದಮೊದಲು ‘ಹೌದು’ ಮುಂದೆ. ನನ್ನ ಮೇಲಿನ ಮನೆಯಲ್ಲಿ ನೆಲ ಕುಣಿಯುತ್ತಿತ್ತು. ಮಾಂಟ್ರಿಯಲ್ ಪೆಟ್ಟಿಗೆಗಳು ಬರುತ್ತಾ ಬರುತ್ತಾ ಮೇಲೆ ಸದ್ದಿಲ್ಲ, ಎದುರು ಮನೆಯವರು ಬಾಗಿಲು ತೆಗೆದು ಕಾರಿಡಾರಿಗೆ ಬಂದರು. ಕೊನೆಗೆ ‘ಬೇಡ’ 50.58, ‘ಹೌದು’ 49.42. ನೂರಕ್ಕೆ 93ಕ್ಕೂ ಹೆಚ್ಚು ಜನ ಓಟು ಹಾಕಿದ್ದರು. ಅಂತರ 54 ಸಾವಿರ ಚಿಲ್ಲರೆ.

ಸಂಖ್ಯಾಶಾಸ್ತ್ರಿ
54,288. ಕುಲಗೆಟ್ಟ ಮತಗಳು ಅದಕ್ಕಿಂತ ಜಾಸ್ತಿ ಇದ್ದವು, ಸುಮಾರು 86 ಸಾವಿರ. ಲಾವಾಲ್‌ನ ಶೋಮೆಡಿ ಕ್ಷೇತ್ರದಲ್ಲಂತೂ ನೂರಕ್ಕೆ 11ಕ್ಕಿಂತ ಹೆಚ್ಚು ಮತಪತ್ರ ತಳ್ಳಿಹಾಕಿದ್ದರು. ‘ಬೇಡ’ ಕಡೆಯವರು ಇದನ್ನು ಇವತ್ತಿಗೂ ಎತ್ತುತ್ತಾರೆ. ‘ಹೌದು’ ಕಡೆಯವರು, ಕೊನೇ ವಾರ ಬೇರೆ ಪ್ರಾಂತ್ಯಗಳಿಂದ ಜನ ಕರೆತಂದು ಮಾಂಟ್ರಿಯಲ್‌ನಲ್ಲಿ ರ‍್ಯಾಲಿ ಮಾಡಿದ ಖರ್ಚಿನ ಲೆಕ್ಕ ಕೇಳುತ್ತಾರೆ. ಎರಡೂ ಕಡೆ ಹುಣ್ಣು ಮಾಗಿಲ್ಲ.

ನೂರ್_ಮೈಸೂರು
ಆ ರಾತ್ರಿಯ ಇನ್ನೊಂದು ಭಾಗವನ್ನು ಯಾಕೆ ಬಿಟ್ಟಿರಿ ಹಳೇ ಹಿಮ ಅವರೇ? ಸೋತ ಮೇಲೆ ಪಿಕ್ಯೂ ಪ್ರೀಮಿಯರ್ ಜಾಕ್ ಪರಿಜೋ ವೇದಿಕೆ ಮೇಲೆ ನಿಂತು, ನಮ್ಮನ್ನು ಸೋಲಿಸಿದ್ದು ದುಡ್ಡು ಮತ್ತು ‘ಜನಾಂಗೀಯ ಮತಗಳು’ ಅಂದರು. ಅಂದರೆ ನಮ್ಮ ನಿಮ್ಮಂಥವರು. ಮರುದಿನ ರಾಜೀನಾಮೆ ಘೋಷಿಸಿದರು, ಆದರೆ ಮಾತು ಉಳಿಯಿತು. ಎಲ್ಲರೂ ಸೇರಿ ಒಂದು ರಾಷ್ಟ್ರ ಅಂತಾರೆ, ಸೋತ ಕೂಡಲೇ ಯಾರು ಒಳಗಿನವರು ಯಾರು ಹೊರಗಿನವರು ಅಂತ ಬಾಯಿಗೆ ಬರುತ್ತೆ.

ಪ್ಲಾಟೋ_ಪ್ರಜ್ವಲ್
ನೂರ್ ಅವರೇ, ಅದನ್ನು ಆಗಲೇ ಪಕ್ಷದ ಒಳಗಿನವರೂ ಖಂಡಿಸಿದರು. ಒಬ್ಬರ ಒಂದು ರಾತ್ರಿಯ ಮಾತಿಗೆ ಚಳವಳಿಯನ್ನೇ ಅಳೆಯೋದು ಸರಿಯಾ? 1977ರ ಮಸೂದೆ 101 ಏನು ಮಾಡಿತು? ವಲಸೆ ಬಂದವರ ಮಕ್ಕಳನ್ನು ಫ್ರೆಂಚ್ ಶಾಲೆಗೆ ಕರೆತಂದಿತು. ಇವತ್ತು ಇಲ್ಲಿನ ವಿಯೆಟ್ನಾಮಿ, ಹೈಟಿ, ತಮಿಳು ಮನೆಗಳ ಮಕ್ಕಳು ಮೂರು ಭಾಷೆ ಸಲೀಸಾಗಿ ಆಡ್ತಾರೆ. ಅದಕ್ಕೆ ಮುಂಚೆ ವಲಸೆ ಬಂದವರ ಮಕ್ಕಳು ಹೆಚ್ಚಾಗಿ ಇಂಗ್ಲಿಷ್ ಶಾಲೆಗೇ ಹೋಗುತ್ತಿದ್ದರು, ಫ್ರೆಂಚ್ ಪಕ್ಕದ ಮನೆಯವರ ಪರಿಚಯವೇ ಇರುತ್ತಿರಲಿಲ್ಲ.

ನೂರ್_ಮೈಸೂರು
101 ಬಗ್ಗೆ ನನಗೆ ತಕರಾರಿಲ್ಲ. ನನ್ನ ಮಗಳು ಅದೇ ಶಾಲೆಯಲ್ಲಿ ಓದಿ ಟೀಚರ್ ಆಗೋಕೆ ಹೊರಟಳು. ಆಗ ಬಂತು 2019ರ ಮಸೂದೆ 21. ಸರ್ಕಾರಿ ಶಾಲೆ ಟೀಚರ್, ಪೊಲೀಸ್, ಸರ್ಕಾರಿ ವಕೀಲರು ಕೆಲಸದ ಹೊತ್ತಲ್ಲಿ ಧಾರ್ಮಿಕ ಗುರುತು ಧರಿಸಬಾರದು. ಮೊದಲೇ ಕೆಲಸದಲ್ಲಿದ್ದವರಿಗೆ ಅದೇ ಹುದ್ದೆಯಲ್ಲಿ ಇರೋವರೆಗೆ ವಿನಾಯಿತಿ, ಹೊಸಬರಿಗೆ ಇಲ್ಲ. ಅವಳು ಈಗ ಒಂಟಾರಿಯೋದಲ್ಲಿ ಪಾಠ ಮಾಡ್ತಾಳೆ, ತಲೆವಸ್ತ್ರ ಹಾಕಿಕೊಂಡೇ, ಫ್ರೆಂಚನ್ನೇ. ಇಲ್ಲಿ ಫ್ರೆಂಚ್ ಟೀಚರ್ ಸಿಗ್ತಿಲ್ಲ ಅಂತ ಪೇಪರಲ್ಲಿ ಬರೀತಾರೆ.

ಲಾವಾಲ್_ಲಲಿತಾ
ನೂರ್ ಅಕ್ಕಾ, ಓದಿ ಹೊಟ್ಟೆ ಉರೀತು. ಅದನ್ನು ತಂದಿದ್ದು ಪಿಕ್ಯೂ ಅಲ್ಲ, ಕೆನಡಾ ಬಿಡಲ್ಲ ಅನ್ನೋ ಸಿಎಕ್ಯೂ. ಇದನ್ನು ಹೊಸಬರು ಗಮನಿಸಬೇಕು.

ಹೊಸಬ_ಮಾಂಟ್ರಿಯಲ್
ಹಾಗಾದರೆ ಕುಂಕುಮ, ತಾಳಿ? ನನ್ನ ಹೆಂಡತಿ ಡೇಕೇರ್ ಕೆಲಸಕ್ಕೆ ಸೇರುವ ಯೋಚನೆಯಲ್ಲಿದ್ದಾಳೆ.

ಒಟ್ಟಾವಾ_ಓದುಗ
ಧಾರ್ಮಿಕ ನಂಬಿಕೆಯಿಂದ ಧರಿಸಿದ್ದು, ಅಥವಾ ನೋಡಿದವರಿಗೆ ಧರ್ಮದ ಗುರುತು ಅಂತ ಅನ್ನಿಸುವ ಬಟ್ಟೆ, ಆಭರಣ ಎಲ್ಲವೂ ಲೆಕ್ಕಕ್ಕೆ ಬರುತ್ತದೆ ಅನ್ನುತ್ತದೆ ಕಾನೂನು. ತಾಳಿ ಸಂಪ್ರದಾಯವೋ ಧರ್ಮವೋ ಅಂತ ವಾದ ಮಾಡಬಹುದು. ಆದರೆ 2019ರ ಆ ಕಾನೂನಿನ ಪಟ್ಟಿಯಲ್ಲಿ ಡೇಕೇರ್ ಸಿಬ್ಬಂದಿ ಇರಲಿಲ್ಲ. ಆಮೇಲೆ ವ್ಯಾಪ್ತಿ ಹಿಗ್ಗಿಸುವ ಮಾತು ನಡೀತಾನೇ ಇದೆ, ಹಾಗಾಗಿ ಸೇರುವ ಮುಂಚೆ ಅಲ್ಲೇ ಲಿಖಿತವಾಗಿ ಕೇಳಿಬಿಡಿ.

ಒಂದು ವಿಷಯ ಸೇರಿಸ್ತೀನಿ. 1936ರಲ್ಲಿ ಡುಪ್ಲೆಸಿ ಸಭಾಧ್ಯಕ್ಷರ ಕುರ್ಚಿಯ ಮೇಲೆ ಶಿಲುಬೆ ನೇತುಹಾಕಿಸಿದ್ದರು. ಆ ಕಾಲದ ರಾಷ್ಟ್ರವಾದ ಅಂದರೆ ಕ್ಯಾಥೊಲಿಕ್ ಧರ್ಮ. 2019ರ ಜುಲೈನಲ್ಲಿ, ಮಸೂದೆ 21ರ ಬೆನ್ನಲ್ಲೇ, ಅದನ್ನು ಇಳಿಸಿ ಪಕ್ಕದ ಗಾಜಿನ ಕಪಾಟಿಗೆ ಸಾಗಿಸಿದರು. ಈ ಕಾಲದ ರಾಷ್ಟ್ರವಾದ ಅಂದರೆ ಧರ್ಮ ದೂರ ಇಡುವುದು. ಎರಡು ಕಾಲದಲ್ಲೂ ಹೊರಗೆ ಉಳಿದವರು ಅಲ್ಪಸಂಖ್ಯಾತರೇ.

ಹುಬ್ಬಳ್ಳಿ_ಹೈದ
ಕೋರ್ಟ್ ಸುಮ್ಮನಿದೆಯಾ?

ಒಟ್ಟಾವಾ_ಓದುಗ
ಕೆನಡಾ ಸಂವಿಧಾನದ 33ನೇ ಕಲಂ ಬಳಸಿದ್ದಾರೆ. ಹಕ್ಕುಗಳ ಸನ್ನದಿನ ಕೆಲವು ಭಾಗ ಈ ಕಾನೂನಿಗೆ ಅನ್ವಯಿಸಲ್ಲ ಅಂತ ಸರ್ಕಾರ ಮೊದಲೇ ಬರೆದುಬಿಡಬಹುದು. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ವಿಬೆಕ್ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಕಾನೂನನ್ನು ಎತ್ತಿಹಿಡಿಯಿತು. ಬೋರ್ಡಿನ ವಿಷಯದಲ್ಲೂ ಹೀಗೆ ಆಗಿತ್ತು. ಅಂಗಡಿ ಬೋರ್ಡು ಬರೀ ಫ್ರೆಂಚ್‌ನಲ್ಲಿ ಇರಬೇಕು ಅನ್ನುವ ನಿಯಮವನ್ನು 1988ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಆಗಿನ ಲಿಬರಲ್ ಪ್ರೀಮಿಯರ್ ಬುರಾಸಾ ಇದೇ ಕಲಂ ಹಿಡಿದು ಹೊಸ ಕಾನೂನು ತಂದರು. ಲಿಬರಲ್, ನೆನಪಿರಲಿ!

ಬೆಂಗ್ಳೂರ್_ಬಸವ
ಬೋರ್ಡ್ ಅಂದ್ರಲ್ಲ, ಕಿವಿ ನೆಟ್ಟಗಾಯ್ತು. ನಮ್ಮಲ್ಲಿ 2024ರಲ್ಲಿ ಬೋರ್ಡಿನ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ ಕಾನೂನು ಮಾಡಿದರು. ಅಲ್ಲಿ ಈಗ ಎಷ್ಟು?

ಪ್ಲಾಟೋ_ಪ್ರಜ್ವಲ್
2025ರ ಜೂನ್ 1ರಿಂದ, ಬೇರೆ ಭಾಷೆ ಇದ್ದರೆ ಅದರ ಎರಡು ಪಟ್ಟು ಜಾಗ ಫ್ರೆಂಚಿಗೆ. ಅಂದರೆ ನಿಮ್ಮ 60ಕ್ಕಿಂತ ಜಾಸ್ತಿಯೇ. ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವನು ಇಂಗ್ಲಿಷ್ ಹೆಸರಿನ ಸುತ್ತ ಬೀಗ, ಬಣ್ಣ, ಕೊಳಾಯಿ ಅಂತ ಫ್ರೆಂಚ್‌ನಲ್ಲಿ ಬರೆಸಿದ್ದಾನೆ. ಜಾಗ ತುಂಬಿತು, ಕಾನೂನೂ ಮುಗೀತು.

ಬೆಂಗ್ಳೂರ್_ಬಸವ
ಅಂಥ ಒಂದು ಪಕ್ಷ ನಮಗೂ ಬೇಕು ಗುರು. ಲೆವೆಕ್ ತರ ಒಬ್ಬ.

ಸಂಖ್ಯಾಶಾಸ್ತ್ರಿ
ಬಸವಣ್ಣ, ಹೋಲಿಕೆ ನಿಲ್ಲಲ್ಲ. ಕೆನಡಾದಲ್ಲಿ ಪ್ರಾಂತ್ಯಗಳ ಕೈಯಲ್ಲಿ ಅಧಿಕಾರ ಜಾಸ್ತಿ. ಕ್ವಿಬೆಕ್ ತನ್ನದೇ ಆದಾಯ ತೆರಿಗೆ ವಸೂಲಿ ಮಾಡುತ್ತದೆ, ತನ್ನದೇ ಪಿಂಚಣಿ ನಿಧಿ ನಡೆಸುತ್ತದೆ, ಕಾಯಂ ಆಗಿ ನೆಲೆಸಲು ಬರುವ ಕೆಲಸಗಾರರನ್ನು ತಾನೇ ಆರಿಸುತ್ತದೆ. ಇಲ್ಲಿನ ಪಕ್ಷಗಳು ಹೊಡೆದಾಡೋದು ಕೈಯಲ್ಲಿರುವ ಅಧಿಕಾರವನ್ನು ಇನ್ನೂ ಹಿಗ್ಗಿಸೋಕೆ. ಕರ್ನಾಟಕದಲ್ಲಿ ವಾಟಾಳ್ ಅವರ ಪಕ್ಷ ಇತ್ತು, ಬಂಗಾರಪ್ಪ ಎಷ್ಟು ಪಕ್ಷ ಕಟ್ಟಿದರು. ಒಂದೂ ವಿಧಾನಸೌಧದಲ್ಲಿ ಸರ್ಕಾರ ಮಾಡಲಿಲ್ಲ.

ಬೆಂಗ್ಳೂರ್_ಬಸವ
ಗೋಕಾಕ್ ಚಳವಳಿ ಮರೆತ್ರಾ?

ನಿರ್ವಾಹಕ
ಕರ್ನಾಟಕದ ಪ್ರಾದೇಶಿಕ ಪಕ್ಷಗಳಿಗೆ ಬೇರೆ ಎಳೆ ಇದೆ, 400 ಪ್ರತಿಕ್ರಿಯೆ ದಾಟಿದೆ. ಅಲ್ಲಿ ಹೊಡೆದಾಡಿ. ಇಲ್ಲಿ ಕ್ವಿಬೆಕ್.

ಹಾಕಿ_ಹರೀಶ
ನಿರ್ವಾಹಕರೇ, ಐಸ್ ಹಾಕಿ ಬಗ್ಗೆ ಬರೀಬಹುದಾ? ಇದು ವಿಷಯಾಂತರ ಅಲ್ಲ, ಆಣೆ. 1955ರ ಮಾರ್ಚ್‌ನಲ್ಲಿ ಬಾಸ್ಟನ್ ಪಂದ್ಯದಲ್ಲಿ ಮಾಂಟ್ರಿಯಲ್ ತಂಡದ ಆಟಗಾರ ಮೋರಿಸ್ ರಿಷಾರ್ ಒಬ್ಬ ಲೈನ್ಸ್‌ಮನ್‌ಗೆ ಗುದ್ದಿದರು. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಉಳಿದ ಪಂದ್ಯಗಳಿಗೂ ಪ್ಲೇಆಫ್‌ಗೂ ಸೇರಿಸಿ ಅವರನ್ನು ಹೊರಗಿಟ್ಟರು. ಫ್ರೆಂಚರ ಕಣ್ಮಣಿಗೆ ಇಂಗ್ಲಿಷ್ ಸಾಹೇಬನ ಶಿಕ್ಷೆ. ಮಾರ್ಚ್ 17ರಂದು ಕ್ಯಾಂಪ್‌ಬೆಲ್ ಬೇರೆ ಮಾಂಟ್ರಿಯಲ್ ಪಂದ್ಯ ನೋಡೋಕೆ ಬಂದು ಕೂತರು! ಟೊಮ್ಯಾಟೊ, ಮೊಟ್ಟೆ, ಆಮೇಲೆ ಅಶ್ರುವಾಯು ಡಬ್ಬಿ ಸಿಡಿಯಿತು, ಪಂದ್ಯ ನಿಂತಿತು. ಜನ ಬೀದಿಗಿಳಿದು ಅಂಗಡಿ ಗಾಜು ಪುಡಿ ಮಾಡಿದರು. ಪಿಕ್ಯೂ ಹುಟ್ಟೋಕೆ ಇನ್ನೂ 13 ವರ್ಷ ಇತ್ತು.

ಟೊರಾಂಟೊ_ತಿಮ್ಮ
ಅಷ್ಟೆಲ್ಲ ಗಲಾಟೆ ಮಾಡಿ ಕೊನೆಗೆ ಏನು ಸಿಕ್ತು? 101 ಬಂದ ಮೇಲೆ 1978ರಲ್ಲಿ ಸನ್ ಲೈಫ್ ವಿಮಾ ಕಂಪನಿ ಮುಖ್ಯ ಕಚೇರಿಯನ್ನು ಟೊರಾಂಟೊಗೆ ಕಿತ್ತುಕೊಂಡು ಬಂತು. ಹಿಂದೆ ಇನ್ನೂ ಬಹಳ ಮಂದಿ ಬಂದರು. ಕೆನಡಾದ ಒಂದನೇ ನಂಬರ್ ಊರು ಎರಡಕ್ಕಿಳಿಯಿತು.

ಹಳೇ_ಹಿಮ
ನಷ್ಟ ನಿಜ. ಆದರೆ ಅದಕ್ಕೆ ಮುಂಚೆ ಆ ಕಚೇರಿಗಳಲ್ಲಿ ಯಜಮಾನಿಕೆ ಯಾರದ್ದು ಅಂತಲೂ ನೋಡಿ. ಅರವತ್ತರ ದಶಕದಲ್ಲಿ ಕೇಂದ್ರ ಸರ್ಕಾರದ್ದೇ ಆಯೋಗ ಕ್ವಿಬೆಕ್‌ನ ಗಂಡಸರ ಆದಾಯವನ್ನು ಮೂಲದ ಪ್ರಕಾರ ಲೆಕ್ಕ ಹಾಕಿತು. 14 ಗುಂಪುಗಳಲ್ಲಿ ಫ್ರೆಂಚ್ ಕೆನಡಿಯನ್ನರು 12ನೆಯವರು. ತಮ್ಮದೇ ಪ್ರಾಂತ್ಯದಲ್ಲಿ, ನೂರಕ್ಕೆ 80 ಜನ ಇದ್ದು! ಇದನ್ನು ಬಿಟ್ಟರೆ ಪಿಕ್ಯೂ ಯಾಕೆ ಹುಟ್ಟಿತು ಅನ್ನೋದೇ ತಿಳಿಯಲ್ಲ.

ಒಟ್ಟಾವಾ_ಓದುಗ
ಒಪ್ಪಿದೆ. ಆದರೆ ಕ್ವಿಬೆಕ್ ಯಾವಾಗಲೂ ಪಾಪದ ಪಾರ್ಟಿ ಅಲ್ಲ. 1969ರ ಒಪ್ಪಂದದಲ್ಲಿ, ಪಕ್ಕದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯಕ್ಕೆ ಸೇರಿದ ಲ್ಯಾಬ್ರಡಾರ್‌ನ ಚರ್ಚಿಲ್ ಫಾಲ್ಸ್ ವಿದ್ಯುತ್ತನ್ನು 2041ರವರೆಗೆ ಪುಡಿಗಾಸಿಗೆ ಬರೆಸಿಕೊಂಡಿದ್ದು ಹೈಡ್ರೋ-ಕ್ವಿಬೆಕ್. ಯೂನಿಟ್‌ಗೆ 0.2 ಸೆಂಟ್ ಆಗಿಹೋಗಿತ್ತು. ನ್ಯೂಫೌಂಡ್‌ಲ್ಯಾಂಡ್‌ನವರ ಮುಂದೆ ಈ ಮಾತೆತ್ತಿ ನೋಡಿ. 2024ರ ಡಿಸೆಂಬರ್‌ನಲ್ಲಿ ಹೊಸ ಒಪ್ಪಂದದ ಕರಡಿಗೆ ಲೆಗೋ ಸಹಿ ಹಾಕಿದರು.

ಇನ್ನೂ ಒಂದು. 1995ರ ಜನಮತಗಣನೆಗೆ ಆರು ದಿನ ಮೊದಲು ಕ್ವಿಬೆಕ್‌ನ ಉತ್ತರದ ಮೂಲನಿವಾಸಿಗಳಾದ ಕ್ರೀ ಜನ ತಾವೇ ಒಂದು ಜನಮತಗಣನೆ ಮಾಡಿದರು. ನೂರಕ್ಕೆ 96 ಜನ ನಾವು ಕೆನಡಾ ಬಿಟ್ಟು ಬರಲ್ಲ ಅಂದರು. ಕ್ವಿಬೆಕ್ ಬೇರೆಯಾಗಬಹುದಾದರೆ ಕ್ವಿಬೆಕ್‌ನಿಂದ ನಾವೂ ಬೇರೆಯಾಗಬಹುದು ಅಲ್ವಾ ಅಂತ ಅವರ ವಾದ. ಹೈಡ್ರೋ-ಕ್ವಿಬೆಕ್‌ನ ಜೇಮ್ಸ್ ಬೇ ಅಣೆಕಟ್ಟುಗಳು ಇರುವುದು ಅವರ ನೆಲದಲ್ಲೇ. ಇದಕ್ಕೆ ಪಿಕ್ಯೂ ಇವತ್ತಿಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಪ್ಲಾಟೋ_ಪ್ರಜ್ವಲ್
ಕೊಟ್ಟಿದೆ. ಲೆವೆಕ್ ಕಾಲದಲ್ಲೇ, 1985ರಲ್ಲಿ, ನ್ಯಾಷನಲ್ ಅಸೆಂಬ್ಲಿ ಮೂಲನಿವಾಸಿಗಳನ್ನು ರಾಷ್ಟ್ರಗಳು ಅಂತ ಮಾನ್ಯ ಮಾಡಿದೆ.

ಒಟ್ಟಾವಾ_ಓದುಗ
ರಾಷ್ಟ್ರ ಅಂತ ಕರೆಯೋದು ಬೇರೆ, ಬೇರೆ ಹೋಗ್ತೀವಿ ಅಂದಾಗ ಬಿಡೋದು ಬೇರೆ. ಕೆನಡಾಕ್ಕೆ ನೀವು ಹೇಳೋದೂ ಅದನ್ನೇ ಅಲ್ವಾ ಪ್ರಜ್ವಲ್?

ಶಿರಸಿ_ಸುಬ್ಬಣ್ಣ
ಹ್ಹ ಹ್ಹ, ಸಿಕ್ಕಿಬಿದ್ರು ಪ್ರಜ್ವಲ್ ಮಾರಾಯ್ರು.

ಲಾವಾಲ್_ಲಲಿತಾ
ಕೆಬೆಕ್ ಸೊಲಿಡೇರ್ ಬಗ್ಗೆ ಯಾರೂ ಬರೀಲಿಲ್ಲ. ಅವರೂ ಸ್ವಾತಂತ್ರ್ಯ ಬೇಕು ಅನ್ನೋರೇ, ಎಡಪಂಥದವರು. 2022ರಲ್ಲಿ 11 ಸೀಟು. ಮಸೂದೆ 21ನ್ನು ವಿರೋಧಿಸಿ ಮತ ಹಾಕಿದ್ದು ಅವರೂ ಲಿಬರಲ್‌ಗಳೂ. ಬೇರೆ ದೇಶ ಬೇಕು ಅನ್ನೋ ಇವರು ತಲೆವಸ್ತ್ರದ ಪರ, ಕೆನಡಾ ಸಾಕು ಅನ್ನೋ ಸಿಎಕ್ಯೂ ಅದರ ವಿರುದ್ಧ. ಆಫೀಸಲ್ಲಿ ಯಾರಾದರೂ ನಾನು ಸ್ವಾತಂತ್ರ್ಯದ ಪರ ಅಂದರೆ, ಯಾವ ಪಕ್ಷದ ಪರ ಅಂತ ಇನ್ನೊಂದು ಪ್ರಶ್ನೆ ಕೇಳಿ ಹೊಸಬರೇ.

ಹೊಸಬ_ಮಾಂಟ್ರಿಯಲ್
ನಾಳೆ ಊಟಕ್ಕೆ ಕೂತಾಗ ಕೇಳೇ ಕೇಳ್ತೀನಿ ಅಕ್ಕಾ. ಕೊನೇ ಪ್ರಶ್ನೆ: ನನಗೆ ಕೆಲಸದ ವೀಸಾ ಇದೆ, ತೆರಿಗೆ ಕಟ್ತೀನಿ. 2026ರಲ್ಲಿ ಓಟು ಇದೆಯಾ?

ಸಂಖ್ಯಾಶಾಸ್ತ್ರಿ
ಇಲ್ಲ. ಕೆನಡಾ ಪೌರತ್ವ, 18 ವರ್ಷ, ಕ್ವಿಬೆಕ್‌ನಲ್ಲಿ ಆರು ತಿಂಗಳ ವಾಸ. ಕಾಯಂ ನಿವಾಸಿಗಳಿಗೂ ಇಲ್ಲ. ಜನಮತಗಣನೆಗೂ ಇದೇ ನಿಯಮ.

ನೂರ್_ಮೈಸೂರು
ಫ್ರೆಂಚ್ ತರಗತಿಗೆ ಈಗಲೇ ಹೆಸರು ಬರೆಸಿ. ಭಾಷಾ ಕಾನೂನಾದ ಮಸೂದೆ 96 ಪ್ರಕಾರ ಬಂದ ಆರು ತಿಂಗಳಾದ ಮೇಲೆ, ಕೆಲವು ವಿನಾಯಿತಿ ಬಿಟ್ಟರೆ, ಸರ್ಕಾರಿ ಕಚೇರಿಯವರು ನಿಮಗೆ ಫ್ರೆಂಚ್‌ನಲ್ಲೇ ಬರೀತಾರೆ. ಯಾವ ಪಕ್ಷ ಬಂದರೂ ಅದನ್ನು ತೆಗೆಯೋ ಧೈರ್ಯ ಮಾಡುತ್ತೆ ಅಂತ ನನಗನ್ನಿಸಲ್ಲ.

ಟೊರಾಂಟೊ_ತಿಮ್ಮ
ನಾನು ಮೊದಲೇ ಹೇಳಿದ್ದೆ. ಮನೆ ನೋಡಿಡ್ಲಾ?